ನಕಲು ಅತ್ತಿ

ನಾನೀಗ ಹೇಳುವುದು ಖರೆ ಕಥೆ. ನಮ್ಮೂರಿನಲ್ಲಿ ಖರೆ ಕಥೆಯನ್ನು ಮೊದಲು ಸುಳ್ಳೆಂದು ಹೇಳಿ ನೋಡುತ್ತಾರೆ. ಕೇಳಿದವರು ತಾಳಿಕೊಂಡರೆ ಮಾತ್ರ ಖರೆಯೆಂದು ಹೇಳುವ ಪದ್ಧತಿ. ಆ ಕೆಲಸವನ್ನೂ ಮುಗಿಸಿಕೊಂಡೇ ಬಂದಿದ್ದೇನೆ. ಹೊರಗಿನಿಂದ ಬಂದ ಬಳೆಗಾರನೊಬ್ಬನಿಗೆ ಇದನ್ನು ಶುದ್ಧ ಸುಳ್ಳೆಂದು ಹೇಳಿದೆ. ಆತ ಪೂರ್ತಿ ಕೇಳಿ, ಚಹಾ ಕುಡಿದು, ಆರೋಗ್ಯವಾಗಿ ಎದ್ದು ಹೋದ. ಹೀಗಾಗಿ ನೀವೂ ಹೆದರದೆ ಕೇಳಬಹುದು.

ನಮ್ಮೂರಿನಲ್ಲಿ ಯಾವುದೂ ಮನುಷ್ಯನ ಹತ್ತಿರ ನೇರವಾಗಿ ಬರುವುದಿಲ್ಲ. ಮೊದಲು ನಕಲಿಗೆ, ಆಮೇಲೆ ಅಸಲಿಗೆ. ಹೊಸ ಚಪ್ಪಲಿಯನ್ನು ನಿಮ್ಮದೇ ಅಳತೆಯ ಇನ್ನೊಬ್ಬ ಮೆಟ್ಟಿಕೊಂಡು ಊರು ಸುತ್ತಿ, ಕಚ್ಚಿಸಿಕೊಂಡು ಬಂದ ಮೇಲೆ ನೀವು ಮೆಟ್ಟಬೇಕು. ಕನ್ಯೆ ನೋಡಲು ಹೊರಟ ವರ ಮೊದಲು ನಕಲು ಕನ್ಯೆಯ ಎದುರು ಕುಳಿತು ಅವಲಕ್ಕಿ ತಿಂದು, ಬೆವರೊರೆಸಿಕೊಳ್ಳುವುದನ್ನು ಕಲಿಯುತ್ತಾನೆ. ಅಣ್ಣನ ಮೇಲೆ ಸಿಟ್ಟು ಬಂದವನು ಅಣ್ಣನ ನಕಲನ್ನು ಕರೆಸಿ ಬೈಯುತ್ತಾನೆ. ಅರ್ಧಕ್ಕರ್ಧ ಮಂದಿಗೆ ಅಷ್ಟರಲ್ಲೇ ಸಮಾಧಾನವಾಗಿ, ಅಸಲು ಅಣ್ಣ ಬೈಗುಳವಿಲ್ಲದೆ ಬದುಕುತ್ತಾನೆ. ಸುದ್ದಿಗೂ ಇದೇ ನಿಯಮ. ದೊಡ್ಡ ಸುದ್ದಿಯೆಂದರೆ ಮೊದಲು ನಕಲಿಗೆ ಹೇಳುತ್ತಾರೆ. ನಕಲು ಕುಸಿದು ಕುಳಿತರೆ ಅಸಲಿಗೆ ಸುತ್ತಿ ಬಳಸಿ ಮೆತ್ತಗೆ ಹೇಳಬೇಕು. ನಕಲು ನಕ್ಕರೆ ನೇರ ಹೇಳಬಹುದು.

ಆ ನಕಲು ಸಾಮಾನ್ಯವಾಗಿ ನಾನೇ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಧ್ವನಿಯಲ್ಲಿ ರಜೆ ಘೋಷಿಸಿ, ಅಸಲು ಪ್ರಿನ್ಸಿಪಾಲರೂ ಮನೆಗೆ ಹೋಗುವಂತೆ ಮಾಡಿದವನು. ಹೆಸರು ಗುರುಪಾದ. ಗುರುಗಳ ಧ್ವನಿ ತೆಗೆಯುತ್ತಿದ್ದೆ, ಗುರುಗಳು ಪಾದರಕ್ಷೆ ತೆಗೆಯುತ್ತಿದ್ದರು. ಪದವಿ ಮುಗಿದ ಮೇಲೆ ಊರ ಮಂದಿಯೇ ನನ್ನನ್ನು ನಕಲುಗಾರನನ್ನಾಗಿ ಮಾಡಿಕೊಂಡರು. ಬೀಗಿತ್ತಿಯಾಗಿ ಉಪ್ಪಿಟ್ಟಿಗೆ ಉಪ್ಪಿಲ್ಲವೆಂದು ಹೆಸರಿಟ್ಟಿದ್ದೇನೆ, ಮುದುಕನಾಗಿ ಆಸ್ತಿ ಭಾಗ ಮಾಡಿದ್ದೇನೆ. ಆದರೆ ನನಗೆ ಮೊದಲು ದಕ್ಕಿದ ಧ್ವನಿ, ಊರೆಲ್ಲ ಮೆಚ್ಚಿದ ಧ್ವನಿ, ನನ್ನ ಸೋದರತ್ತೆ ನೀಲಾಂಬಿಕೆಯದು.

ನೀಲಾಂಬಿಕಾ ಅತ್ತಿ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಮಾತಾಡುವವಳು. 'ಪ್ರಯಾಣಿಕರ ಗಮನಕ್ಕೆ' ಎಂದು ಅವಳು ಶುರುಮಾಡಿದರೆ ಪ್ರಯಾಣವಿಲ್ಲದವರೂ ಗಮನ ಕೊಡುತ್ತಿದ್ದರು. ಗಂಡ ಚಂಬಣ್ಣ ಮಾಮಾ ಬಸ್ ಕಂಡಕ್ಟರು. ಮೂರನೇ ಅಂಕಣಕ್ಕೆ ಗಂಡನ ಬಸ್ಸು ಬಂದಾಗ ಅವಳ ಧ್ವನಿಯಲ್ಲಿ ಎಳ್ಳಷ್ಟು ಬೆಲ್ಲ ಹೆಚ್ಚಾಗುತ್ತದೆಂದು ಊರಿನ ಕಿವಿಗಳು ಕಂಡುಹಿಡಿದಿದ್ದವು. ಅಷ್ಟು ಮಾತಿನ ಹೆಂಡತಿಗೆ ಅಷ್ಟು ಮೌನದ ಗಂಡ. ಬೇಕಾದಾಗ ಒಂದು ಸೀಟಿ ಊದುತ್ತಿದ್ದ, ಸಂಸಾರ ಮುಂದೆ ಹೋಗುತ್ತಿತ್ತು.

ಅತ್ತಿಗೆ ಹೊಟ್ಟೆ ಉಬ್ಬತೊಡಗಿದಾಗ ಎಲ್ಲರೂ ಗ್ಯಾಸು ಎಂದರು. ಜೀರಿಗೆ ಕಷಾಯ, ಓಂಕಾಳು, ಸೋಡಾ ಎಲ್ಲ ಆಯಿತು. ಸೀರೆಯ ನಿರಿಗೆ ಕಡಿಮೆಯಾಗುತ್ತ ಬಂದ ಮೇಲೆ ಆಸ್ಪತ್ರೆಗೆ ಹೋದಳು. ಅಂಡಾಶಯದಲ್ಲಿ ಗಡ್ಡೆ. ಕ್ಯಾನ್ಸರ್. ಡಾಕ್ಟರ್ ಮೆಹರುನ್ನೀಸಾ ಶಸ್ತ್ರಕ್ರಿಯೆ ಮಾಡಿ ಎಲ್ಲ ತೆಗೆದರು, ಔಷಧ ಕೊಟ್ಟರು. ಪ್ರಜ್ಞೆ ಬಂದ ಮೇಲೆ ಅತ್ತಿ ಆಡಿದ ಮೊದಲ ಮಾತು ಊರಲ್ಲಿ ಇಂದಿಗೂ ಓಡಾಡುತ್ತದೆ. "ಅಂಡ ಹೋತು, ಆಶಯ ಉಳೀತು ನೋಡ್ರಿ."

ಒಂದು ವರ್ಷ ಚೆನ್ನಾಗಿದ್ದಳು. ಆಮೇಲೆ ಅದು ಮತ್ತೆ ಬಂತು. ಈ ಸಲ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂತು. ನಾನು ನೋಡಲು ಹೋದಾಗ ಅತ್ತಿ ದಿಂಬಿಗೆ ಒರಗಿ, ನನ್ನ ಮುಖ ನೋಡಿ ಅಂದಳು:

"ಲೇ ಗುರ್ಯಾ, ಗಡ್ಡ ಬಿಟ್ಟೀಯಲ್ಲೋ."

"ಬೋಳಿಸಿಕೊಳ್ಳಾಕ ಹೊತ್ತ ಸಿಕ್ಕಿಲ್ಲ ಅತ್ತಿ."

"ನಿನಗ ಗಡ್ಡ, ನನಗ ಗಡ್ಡಿ. ಬೋಳಿಸಿದ್ರೂ ಮತ್ತ ಬರತಾವ. ಆದ್ರ ನಿನ್ನದು ಬರೇ ಮುಖಕ್ಕ ಬರತೈತಿ, ಜೀವಕ್ಕ ಬರಂಗಿಲ್ಲ."

ಅವಳು ನಕ್ಕಳು. ನಕಲು ಮಾಡುವವನು ನಾನು, ನಕ್ಕವಳು ಅವಳು.

ಡಾಕ್ಟರ್ ಮೆಹರುನ್ನೀಸಾ ನಗುವ ಪೈಕಿಯವರಲ್ಲ. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಎಲ್ಲರನ್ನೂ ಪರೀಕ್ಷೆಯಲ್ಲಿ ನಪಾಸಾದವರಂತೆ ನೋಡುವ ಹೆಂಗಸು. ಅವರು ಮಾಮಾನನ್ನೂ ನನ್ನನ್ನೂ ಕೂಡಿಸಿಕೊಂಡು ಹೇಳಿದ್ದು ಇಷ್ಟು. ಮೊದಲು ಕೊಟ್ಟ ಔಷಧ ಈ ಗಡ್ಡೆಗೆ ಈಗ ಪರಿಚಯದ್ದಾಗಿಬಿಟ್ಟಿದೆ, ಎದುರಿಗೆ ಬಂದರೆ ಹೆದರುವುದಿಲ್ಲ. ಬೇರೆ ಔಷಧಗಳು ಐದಾರು ಇವೆ. ಯಾವುದು ಅತ್ತಿಗೆ ಹತ್ತುತ್ತದೆಂದು ಗೊತ್ತಿಲ್ಲ. ಒಂದೊಂದೇ ಕೊಟ್ಟು, ತಿಂಗಳುಗಟ್ಟಲೆ ಕಾಯ್ದು ನೋಡಬೇಕು.

"ಕೊಟ್ಟು ನೋಡ್ರಿ ಮತ್ತ," ಎಂದ ಮಾಮಾ.

"ಒಂದು ತಪ್ಪಿದ್ರ ಇನ್ನೊಂದು ಕೊಡಬಹುದು ಚಂಬಣ್ಣೋರ. ಅದೂ ತಪ್ಪಿದ್ರ ಮೂರನೇದನ್ನ ತಾಳ್ಕೊಳ್ಳೂ ಶಕ್ತಿ ಅವರ ಮೈಯಾಗ ಇರೂದಿಲ್ಲ."

ನಮ್ಮೂರ ಆಸ್ಪತ್ರೆಯಲ್ಲಿ ಔಷಧವನ್ನೂ ಮೊದಲು ನಕಲಿಗೇ ಕೊಟ್ಟು ನೋಡುತ್ತಾರೆ, ಅದು ಹೊಸದಲ್ಲ. ಅಲ್ಲಿಯ ಪ್ರಯೋಗಾಲಯದ ಬಾಟಲಿಯಲ್ಲಿ 'ಊರ ನಕಲು' ಎಂಬುದೊಂದಿತ್ತು. ಯಾವ ಕಾಲದಲ್ಲೋ, ಯಾವ ಹೆಣ್ಣುಮಗಳ ಗಡ್ಡೆಯಿಂದಲೋ ತೆಗೆದ ಜೀವಕಣಗಳು. ಬಾಟಲಿಯಿಂದ ಬಾಟಲಿಗೆ ದಾಟುತ್ತ ಬೆಳೆಯುತ್ತಲೇ ಬಂದಿದ್ದವು. ಊರಿನ ಹೆಂಗಸರಿಗೆಲ್ಲ ಅದೊಂದೇ ನಕಲು. ಡಾಕ್ಟರರಿಗೆ ಅದರ ಮೇಲೆ ನಂಬಿಕೆ ಹಾರಿಹೋಗಿತ್ತು.

"ಬಾಟಲ್ಯಾಗ ಇದ್ದು ಇದ್ದು ಅಕಿ ಈಗ ಬಾಟಲಿದ ನಕಲು ಆಗ್ಯಾಳ," ಎಂದರು ಅತ್ತಿಯ ಮಂಚದ ಪಕ್ಕ ನಿಂತು. "ಯಾವ ಔಷಧ ಹಾಕಿದ್ರೂ ಹೂಂ ಅಂತಾಳ. ಹೂಂ ಅನ್ನೂ ಸೊಸಿಯಂದ್ರ ಮನ್ಯಾಗ ಖರೆ ಯಾರಿಗೆ ಗೊತ್ತಾಗತೈತಿ? ನೀಲಾಂಬಿಕಾ ಅವರ, ನಿಮ್ಮ ಗಡ್ಡಿದು ನಿಮ್ಮಿಂದನ ನಕಲು ಬೆಳೆಸೋಣ. ಹೊಟ್ಟ್ಯಾಗಿನ ನೀರು ಹೆಂಗೂ ತೆಗೀಬೇಕು. ಅದರಾಗ ಗಡ್ಡಿದ ಸಣ್ಣ ಸಣ್ಣ ತುಣುಕು ತೇಲತಿರತಾವ. ಇಷ್ಟ ದಿನ ಆ ನೀರು ಚೆಲ್ಲತಿದ್ವಿ."

"ಚೆಲ್ಲೂ ನೀರಿಗೂ ನೌಕರಿ ಸಿಕ್ಕಿತಂದ್ರ ಭಾಳ ಛಲೋ ಆತು," ಎಂದಳು ಅತ್ತಿ. "ಆದ್ರ ಒಂದು ಮಾತು. ಅವು ನನ್ನ ನಕಲು ಅನ್ನಬ್ಯಾಡ್ರಿ. ಕಳ್ಳನ ನಕಲು ಅನ್ರಿ. ಯಾವ ಪೊಲೀಸಗ ಹೆದರತಾನ ಅಂತ ಕೇಳ್ರಿ ಅವನ್ನ."

ನೀರು ತೆಗೆದರು. ಅದರೊಳಗಿನ ತುಣುಕುಗಳನ್ನು ಸೋಸಿ, ಅಂಟಂಟಾದ ಒಂದು ಲೋಳೆಯಲ್ಲಿ ನೆಟ್ಟು, ಪಡ್ಡಿನ ಹಂಚಿನಂತೆ ಗುಳಿಗುಳಿಯಾದ ತಟ್ಟೆಯಲ್ಲಿಟ್ಟರು. ಗುಳಿಯಲ್ಲಿ ಸಾಬುದಾಣಿಗಿಂತ ಸಣ್ಣ ಉಂಡೆಗಳಾಗಿ ಅವು ಬೆಳೆಯಬೇಕು, ಬೆಳೆದ ಮೇಲೆ ಒಂದೊಂದು ಗುಳಿಗೆ ಒಂದೊಂದು ಔಷಧ. ಸುದ್ದಿ ಊರಿಗೆ ಹಬ್ಬಿತು. ನಮ್ಮ ಮಂದಿಗೆ ನಕಲೆಂದರೆ ಮನೆಯ ಮಗುವಿನ ಹಾಗೆ. ಕಂಡಕಂಡವರು ಅತ್ತಿಯ ಬಾಗಿಲಿಗೆ ಬಂದು, "ಸಣ್ಣವು ಹೆಂಗದಾವ್ರಿ? ಮೈ ಹಿಡದಾವ?" ಎಂದು ಕೇಳತೊಡಗಿದರು.

ಒಂದು ದಿನ ಡಾಕ್ಟರ್ ಮಾಮಾನಿಗೆ ಫೋನು ಮಾಡಿ, "ಉಂಡಿ ಭರ್ತಿ ಬೆಳದಾವ, ಹುಲುಸಾಗ್ಯಾವ," ಎಂದರು. ಮಾಮಾ ಹಿಗ್ಗಿಬಿಟ್ಟ. ನಕಲು ಹುಲುಸಾದರೆ ಅಸಲಿಗೆ ಶುಭ ಎಂದು ಹುಟ್ಟಿದಂದಿನಿಂದ ಕೇಳಿದವನು. ನೇರ ಪೇಟೆಗೆ ಹೋಗಿ ಪೇಡೆ ತಂದು ಬಸ್‌ಸ್ಟ್ಯಾಂಡಿನಲ್ಲೆಲ್ಲ ಹಂಚಿದ. ಡ್ರೈವರುಗಳು ಪೇಡೆ ತಿಂದು ಅತ್ತಿಗೆ ಶುಭ ಕೋರಲು ಬಂದರು. ಅತ್ತಿಗೆ ಏನೆಂದು ತಿಳಿದ ಮೇಲೆ ಗಂಡನನ್ನು ಕರೆದಳು.

"ಏನ್ರೀ, ನನ್ನ ಹೊಟ್ಟ್ಯಾಗಿನ ಕಳ್ಳಗ ಅವಳಿಜವಳಿ ಹುಟ್ಟ್ಯಾವಂತ ಪೇಡೆ ಹಂಚಿದ್ರಿ?"

ಮಾಮಾನ ಕೈ ಬರಿದಾದ ಡಬ್ಬಿಯ ಮೇಲೆಯೇ ನಿಂತುಬಿಟ್ಟಿತು. ಊದಲು ಸೀಟಿಯೂ ಇರಲಿಲ್ಲ. ಆದರೆ ಡಾಕ್ಟರ್ ಅವನನ್ನು ಬಿಟ್ಟುಕೊಡಲಿಲ್ಲ. ತಟ್ಟೆಯಲ್ಲಿ ಅವು ಬೆಳೆಯದಿದ್ದರೆ ಕೇಳುವುದು ಯಾರನ್ನು, ಎಷ್ಟೋ ಜನರ ತುಣುಕು ಬೆಳೆಯದೆ ಸಾಯುತ್ತವೆ, ಬೆಳೆದದ್ದೇ ನಮ್ಮ ಪುಣ್ಯ ಎಂದರು. ಅಂದರೆ ಪೇಡೆ ಪೂರ್ತಿ ದಂಡವಲ್ಲ. ಒಂದು ಪೇಡೆ ಅವರಿಗೂ ಬೇಕಿತ್ತಂತೆ, ಉಳಿದಿರಲಿಲ್ಲ.

ಔಷಧಗಳನ್ನು ಹಾಕಿದ್ದಾಯಿತು. ಫಲಿತಾಂಶ ಬರುವ ವಾರ ಅತ್ತಿ ನನ್ನನ್ನು ಕರೆಸಿದಳು. ನಿಯಮದ ಪ್ರಕಾರ ಸುದ್ದಿ ಮೊದಲು ಅವಳ ನಕಲಿಗೆ, ಅಂದರೆ ನನಗೆ. ನಾನು ಹೇಗೆ ತಾಳಿಕೊಳ್ಳುತ್ತೇನೋ ಅದನ್ನು ನೋಡಿ ಡಾಕ್ಟರ್ ಅವಳಿಗೆ ಹೇಳಬೇಕು.

"ಮಾಡು ನೋಡೋಣ ನನ್ನ ಧ್ವನಿ," ಎಂದಳು.

ನಾನು ಮಾಡಿದೆ. ಮೂರನೇ ಅಂಕಣ, ಬೆಲ್ಲ, ಎಲ್ಲ ಸೇರಿಸಿ.

ಅವಳು ಕಣ್ಣು ಮುಚ್ಚಿ ಕೇಳಿದಳು. "ಭಾಳ ಛಂದ ಐತಿ. ಆದ್ರ ಗುರ್ಯಾ, ಇದು ಬ್ಯಾನಿ ಬರೂ ಮುಂಚಿನ ನಾನು. ಈಗಿನ ನನಗ ಡಾಕ್ಟರ್ ಏನ್ ಹೇಳಬೇಕು ಅನ್ನೂದನ್ನ ಅಕಿ ಹೆಂಗ ತಿಳೀತಾಳ? ನೀನೂ ಬಾಟಲಿ ನಕಲನ ಆಗೀಯಪಾ."

ನಾನು ಮಂಚದ ಅಂಚಿಗೆ ಕುಳಿತೆ.

"ನನ್ನ ಸುದ್ದಿ ನಾನ ಮೊದಲ ಕೇಳಬೇಕು," ಎಂದಳು ಮೆಲ್ಲಗೆ. "ಸೋಸಿ, ಸಕ್ಕರಿ ಹಾಕಿ ಕೊಡೂದು ಬ್ಯಾಡ. ನಾಕು ಮಂದಿ ದಾಟಿ ಬಂದ ಸುದ್ದಿ ನನ್ನದೂ ಅನಸಂಗಿಲ್ಲ. ನೀ ನಾನಾಗು. ನಾ ನೀ ಆಗತೀನಿ."

"ನೀ ನಾ ಆದ್ರ, ನಾನು ಮಾಡೂದು ನಿನ್ನನ್ನ ಅಲ್ಲೇನ ಅತ್ತಿ?"

"ಅದ ಮತ್ತ. ನಾ ನೀ ಆಗಿ ನನ್ನನ್ನ ಮಾಡತೀನಿ. ಭಾಳ ಕಷ್ಟ ಏನಿಲ್ಲ."

ಪ್ರಯೋಗಾಲಯದೊಳಗೆ ಹೋಗುವವರೆಲ್ಲ ಮುಖಗವಸು, ಟೊಪ್ಪಿಗೆ, ಹಸಿರು ನಿಲುವಂಗಿ ಹಾಕಿಕೊಳ್ಳಬೇಕು. ಕಣ್ಣುಗಳನ್ನು ಬಿಟ್ಟರೆ ಮುಖದಲ್ಲಿ ಏನೂ ಕಾಣುವುದಿಲ್ಲ. ನಕಲು ಒಳಗೆ, ಅಸಲು ಹೊರಗೆ ಪರದೆಯ ಈಚೆ. ಆ ದಿನ ಅತ್ತಿ ನಿಲುವಂಗಿ ತೊಟ್ಟು, ನಕಲಾಗಿ ಒಳಗೆ ಹೋದಳು. ನಾನು ಅವಳ ಹಸಿರು ಅಂಚಿನ ಸೀರೆಯುಟ್ಟು, ಗಡ್ಡ ಬೋಳಿಸಿ, ಮುಖಗವಸಿನ ಮೇಲೆ ಶಾಲು ಹೊದ್ದು ಹೊರಗಿನ ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿ ಮಾಮಾ. ಅವನಿಗೆ ಎಲ್ಲ ಗೊತ್ತು. ಆದರೂ ಸೀರೆಯ ವಾಸನೆ ಅವನನ್ನು ಮೋಸ ಮಾಡಿತೋ ಏನೋ, ನನ್ನ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದುಕೊಂಡು ಬಿಡಲೇ ಇಲ್ಲ. ಒಳಗಿನ ಮಾತು ಬೆಂಚಿಗೆ ಕೇಳದೆಂದೇ ಡಾಕ್ಟರರ ನಂಬಿಕೆ, ಆದರೆ ಪರದೆಗೆ ಕಿವಿ ಹಚ್ಚಿದರೆ ಸ್ವಚ್ಛ ಕೇಳುತ್ತಿತ್ತು.

"ಬಾ ಗುರುಪಾದ. ಮೊದಲ ಧ್ವನಿ ತೋರಸು, ಆಮ್ಯಾಲ ಸುದ್ದಿ," ಎಂದರು ಡಾಕ್ಟರ್.

"ಪ್ರಯಾಣಿಕರ ಗಮನಕ್ಕೆ," ಎಂದಳು ಅತ್ತಿ.

ನಾನು ಪರದೆಗೆ ಇನ್ನಷ್ಟು ವಾಲಿದೆ.

"ಧ್ವನಿ ಸ್ವಲ್ಪ ದಪ್ಪಾತು," ಎಂದರು ಡಾಕ್ಟರ್. "ಅವರದು ಇನ್ನೂ ಇಂಪು. ನಡಗೀನೂ ಸರಿ ಬಂದಿಲ್ಲ ನಿನಗ. ಅವರು ಹಂಗ ಕಾಲು ಎಳೀದಿಲ್ಲ. ಇರಲಿ, ಇವತ್ತ ಇದರಾಗ ಮುಗಸೋಣ. ಇಲ್ಲಿ ಕಣ್ಣಿಟ್ಟು ನೋಡು. ಈ ಗುಳ್ಯಾಗಿನವು ಹೆಂಗ ಕುಂತಾವ?"

"ಬೀಗರು ಕುಂತಂಗ ಕುಂತಾವ್ರಿ."

"ಹಾಂ. ಮುಂದಿನ ತಿಂಗಳ ನಾ ಕೊಡಬೇಕಂತ ಮಾಡಿದ್ದು ಇದ ಔಷಧ. ಜಗ್ಗಿಲ್ಲ. ಇದು ಎರಡನೇದು, ಇದು ಮೂರನೇದು. ಉಂಡು ಮಲಕೊಂಡಾವ. ನಾಕನೇದಕ್ಕ ಸ್ವಲ್ಪ ಮುಖ ಸಿಂಡರಿಸ್ಯಾವ, ಅಷ್ಟ. ಈಗ ಇದನ್ನ ನೋಡು."

"ಇದರಾಗ ಏನೂ ಇಲ್ಲಲ್ರಿ. ಬರೇ ಪುಡಿ ಐತಿ."

"ಅದ ಸುದ್ದಿ. ಪುಡಿ ಆಗ್ಯಾವ. ಮೂರು ಸಲ ತಟ್ಟಿ ಇಟ್ಟು ನೋಡೀನಿ, ಮೂರು ಸಲನೂ ಪುಡಿ. ಹಳೇ ಔಷಧ ಇದು, ಯಾರೂ ಮೊದಲ ನೆನಸೂದಿಲ್ಲ. ನಾ ಎಲ್ಲಾ ಮುಗದ ಮ್ಯಾಲ ಕೊನಿಗೆ ಕೊಡಬೇಕಂತ ಇಟ್ಟಿದ್ದೆ. ಅಷ್ಟೊತ್ತಿಗೆ..." ಅವರ ಮಾತು ನಿಂತಿತು.

"ಅಷ್ಟೊತ್ತಿಗೆ ಏನ್ರಿ?"

"ನೀ ನಕಲು ಅಂತ ಹೇಳಾಕತ್ತೀನಿ. ಅಷ್ಟೊತ್ತಿಗೆ ಅವರು ಇರತಿದ್ದಿಲ್ಲ."

ಬೆಂಚಿನ ಮೇಲೆ ಮಾಮಾನ ಹಿಡಿತ ಬಿಗಿಯಾಯಿತು. ನನಗೆ ನೋವಾಯಿತು, ಬಿಡಿಸಿಕೊಳ್ಳಲಿಲ್ಲ.

ಒಳಗೆ ಅತ್ತಿ ಹೇಳಿದಳು: "ಹಂಗಾರ ಕೊನೀ ಬಸ್ಸ ಮೊದಲ ಬಿಡ್ರಿ ಡಾಕ್ಟರ್."

"ಬಿಡತೀನಿ. ತಟ್ಟ್ಯಾಗ ಪುಡಿ ಆದದ್ದು ಹೊಟ್ಟ್ಯಾಗೂ ಪುಡಿ ಆಗತೈತಿ ಅಂತ ಆಣಿ ಮಾಡಿ ಹೇಳಂಗಿಲ್ಲ ನಾ. ಆದ್ರ ಇಷ್ಟ ದಿನ ಕಣ್ಣು ಕಟ್ಟಿಕೊಂಡು ಹೊಂಟಿದ್ದೆ, ಈಗ ದಾರಿ ಕಂಡೈತಿ." ಕುರ್ಚಿ ಎಳೆದ ಸದ್ದಾಯಿತು. "ನಾ ಕಾಲೇಜಿಗೆ ಹೋಗೂವಾಗ ಬುರ್ಖಾ ಸರಿಮಾಡಿಕೋತ ಓಡಿ ಬರತಿದ್ದೆ ಗುರುಪಾದ. ನನ್ನ ಬಸ್ಸು ಇನ್ನೇನು ಹೋತು ಅನ್ನೂದರಾಗ ಅವರು ಮೈಕಿನ್ಯಾಗ, 'ಕಂಡಕ್ಟರ್ ಅವರೇ, ಓದೂ ಹುಡುಗಿ ಬರಾಕತ್ತಾಳ, ಬಾಗಲಾ ಹಾಕಬ್ಯಾಡ್ರಿ' ಅಂತಿದ್ರು. ಅವರಿಗೆ ಅದು ನೆನಪಿರಲಿಕ್ಕಿಲ್ಲ. ಇಂಥಾ ಮಾತು ಪೇಷಂಟಿಗೆ ಹೇಳೂದಲ್ಲ. ನಿನಗ ಹೇಳೀನಿ, ಅಲ್ಲಿಗೇ ಬಿಡು."

"ಬಿಟ್ಟೆರಿ," ಎಂದಳು ಅತ್ತಿ. ಆ ಧ್ವನಿ ನಿಜಕ್ಕೂ ದಪ್ಪವಾಗಿತ್ತು.

ಡಾಕ್ಟರ್ ಪರದೆ ಸರಿಸಿ ಹೊರಗೆ ಬಂದರು. ನಕಲು ಗಟ್ಟಿಯಾಗಿ ತಾಳಿಕೊಂಡಿದ್ದರಿಂದ ಅಸಲಿಗೆ, ಅಂದರೆ ನನಗೆ, ನೇರವಾಗಿಯೇ ಹೇಳಿದರು. ನಾನು ಅತ್ತಿಯ ಧ್ವನಿಯಲ್ಲಿ ಏನೋ ಒಂದು ಚಟಾಕಿ ಹಾರಿಸಬೇಕೆಂದಿದ್ದೆ, ತಯಾರಿಯೂ ಇತ್ತು. ಬಾಯಿ ತೆರೆದರೆ ಅಳು ಬಂತು. ಅವರು ಶಾಲಿನ ಮೇಲಿಂದಲೇ ನನ್ನ ತಲೆ ಸವರಿ, "ಅಳ್ರಿ ನೀಲಾಂಬಿಕಾ ಅವರ, ಪರವಾಗಿಲ್ಲ," ಎಂದರು. ಅತ್ತಿಯ ಪಾಲಿನ ಅಳುವನ್ನು ನಾನೇ ಅತ್ತು ಮುಗಿಸಿದೆ.

ಆ ಹಳೇ ಔಷಧ ಶುರುವಾಯಿತು. ಸುಲಭವಿರಲಿಲ್ಲ. ಬಾಯಲ್ಲಿ ಹುಣ್ಣು, ಅನ್ನ ಕಂಡರೆ ವಾಕರಿಕೆ, ಕಾಲಿನಲ್ಲಿ ಜೋಮು, ತಲೆಗೂದಲೆಲ್ಲ ಉದುರಿತು. ಗಂಜಿಗೂ ಮೊದಲು ನಕಲು ಬೇಕೆಂದು ಮಾಮಾ ಒಂದು ಚಮಚ ತಾನು ಕುಡಿದೇ ಅವಳಿಗೆ ಕೊಡುತ್ತಿದ್ದ. ಬಿಸಿ ಇದ್ದರೆ ಅವನ ನಾಲಿಗೆ ಸುಡುತ್ತಿತ್ತು, ಅವಳದಲ್ಲ. ಬಸ್‌ಸ್ಟ್ಯಾಂಡಿನ ಮೈಕು ನನ್ನ ಪಾಲಿಗೆ ಬಂತು. ಅತ್ತಿಯ ಧ್ವನಿಯಲ್ಲೇ ಬಸ್ಸು ಕರೆಯುತ್ತಿದ್ದೆ. ಡ್ರೈವರುಗಳು ಗೊತ್ತಿದ್ದೂ ಗೊತ್ತಿಲ್ಲದವರಂತೆ, "ಅಕ್ಕಾರು ಇವತ್ತ ಆರಾಮ ಅದಾರ ಅನಸತೈತಿ," ಎಂದು ಕೇಳುವ ಹಾಗೆ ಹೇಳಿ ಹೋಗುತ್ತಿದ್ದರು.

ಮೆಲ್ಲಗೆ ಹೊಟ್ಟೆಯ ನೀರು ತುಂಬುವುದು ನಿಂತಿತು. ಸೀರೆಯ ನಿರಿಗೆ ಒಂದು ಹೆಚ್ಚಾಯಿತು, ಆಮೇಲೆ ಇನ್ನೊಂದು. ಔಷಧದ ಸುತ್ತು ಮುಗಿದು, ಸ್ಕ್ಯಾನ್ ಮಾಡಿಸಿ, ಡಾಕ್ಟರ್ ಮತ್ತೆ ಕರೆ ಕಳಿಸಿದರು: ನಕಲನ್ನು ಕರೆದುಕೊಂಡು ಬರ್ರಿ. ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಹೇಳಲಿಲ್ಲ. ಎರಡಕ್ಕೂ ನಕಲು ಬೇಕು.

ಅತ್ತಿ ಹಿಂದಿನ ಹಾಗೆಯೇ ನಿಲುವಂಗಿ ತೊಟ್ಟಳು, ನಾನು ಸೀರೆ. ಈ ಸಲ ಪರದೆ ಒಗೆಯಲು ಹೋಗಿತ್ತು. ಬೆಂಚಿನಿಂದಲೇ ಎಲ್ಲ ಕಾಣುತ್ತಿತ್ತು. ಡಾಕ್ಟರ್ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಅತ್ತಿಯ ಕಡೆ ತಿರುಗಿದರು.

"ಗಡ್ಡಿ ಭಾಳಷ್ಟು ಕರಗ್ಯಾವ. ಉಳದಿದ್ದೂ ಮುದುರಿ ಕುಂತಾವ. ನೀರಂತೂ ಇಲ್ಲ. ಪೂರಾ ಗುಣ ಅಂತ ನಾ ಇವತ್ತ ಹೇಳಂಗಿಲ್ಲ, ಕಣ್ಣಿಟ್ಟಿರಬೇಕು. ಆದ್ರ ಮೈಕು ಹಿಡೀಬಹುದು."

ಈ ಸಲ ಅತ್ತಿಯ ಪಾಲಿನ ಅಳು ನನ್ನ ಹತ್ತಿರ ಬರಲಿಲ್ಲ, ಅವಳ ಹತ್ತಿರವೇ ಬಂತು. ಮುಖಗವಸು ತೊಯ್ದು ಮೂಗಿಗೆ ಅಂಟುವಷ್ಟು ಅತ್ತಳು.

ಡಾಕ್ಟರ್ ಕನ್ನಡಕ ಇಳಿಸಿ ನೋಡಿದರು. "ಗುರುಪಾದ, ಸಾಕು. ಭಾಳ ಆತು. ನೀಲಾಂಬಿಕಾ ಅವರು ಇಷ್ಟು ಅಳೂ ಪೈಕಿ ಅಲ್ಲ. ನಿನ್ನ ನಕಲು ದಿನದಿಂದ ದಿನಕ್ಕ ಕೆಡಾಕತ್ತೈತಿ. ಅಲ್ನೋಡು, ಅವರು ಹೊರಗ ಎಷ್ಟು ಗಂಭೀರ ಕುಂತಾರ, ಅವರನ್ನ ನೋಡಿ ಕಲಿ."

ಗಂಭೀರವಾಗಿ ಕುಳಿತಿದ್ದ ನನಗೆ ಸೆರಗು ಬಾಯಿಗೆ ತುರುಕಿಕೊಳ್ಳುವುದೊಂದೇ ಬಾಕಿ. ಅತ್ತಿ ಮುಖಗವಸು ಕೆಳಗೆ ಎಳೆದಳು, ಟೊಪ್ಪಿಗೆ ತೆಗೆದಳು. ಹೊಸದಾಗಿ ಚಿಗುರಿದ ಬೆಳ್ಳಿಗೂದಲ ತಲೆ, ತೊಯ್ದ ಕೆನ್ನೆ.

"ಕೆಡಾಕತ್ತಿದ್ದು ನಕಲಲ್ಲರಿ, ಅಸಲ ಹಿಂಗೈತಿ," ಎಂದಳು. "ಓದೂ ಹುಡುಗಿ, ನೀ ಓಡಿ ಬರತಿದ್ದದ್ದು ನನಗ ನೆನಪೈತಿ. ಒಂದ ಚಪ್ಪಲಿ ಕೈಯಾಗ ಇರತಿತ್ತು."

ಡಾಕ್ಟರ್ ಅವಳನ್ನು ನೋಡಿದರು, ಬೆಂಚಿನ ಮೇಲಿನ ನನ್ನನ್ನು ನೋಡಿದರು. ನಾನು ಶಾಲು ಸರಿಸಿ ನಮಸ್ಕಾರ ಮಾಡಿದೆ. ಎರಡು ದಿನದ ಗಡ್ಡ ಬೆಳೆದಿತ್ತು.

"ಹಂಗಾರ ಅವತ್ತ ನಾ ಧ್ವನಿ ದಪ್ಪಾತು ಅಂದದ್ದು..."

"ನನಗರಿ," ಎಂದಳು ಅತ್ತಿ.

"ನಡಗಿ ಸರಿ ಬಂದಿಲ್ಲ ಅಂದದ್ದು?"

"ಅದೂ ನನಗರಿ. ಮನಿಗೆ ಹೋಗಿ ಕನ್ನಡಿ ಮುಂದ ನಡದು ಕಲತೀನಿ."

"ಅವತ್ತ ನಾ ತಲಿ ಸವರಿದ್ದು?"

"ನನ್ನದು," ಎಂದೆ ನಾನು. "ಭಾಳ ಸಮಾಧಾನ ಆಗಿತ್ತರಿ."

ಡಾಕ್ಟರ್ ಸಿಟ್ಟು ಮಾಡಿಕೊಳ್ಳಲು ನೋಡಿದರು. ಹುಬ್ಬು ಗಂಟಿಕ್ಕಿದರು, ಬೆರಳೆತ್ತಿದರು, ಬಾಯಿ ತೆರೆದರು. ಅತ್ತಿ ಮೊದಲು ನಕ್ಕಳು, ನಾನು ನಕ್ಕೆ, ಮಾಮಾ ಸದ್ದಿಲ್ಲದೆ ಹೊಟ್ಟೆ ಕುಣಿಸ ಹತ್ತಿದ. ಅಷ್ಟರಲ್ಲಿ ಒಳಗಿನಿಂದ ಪಾತ್ರೆ ಬಿದ್ದಂಥ ಸದ್ದು ಬಂತು. ಡಾಕ್ಟರ್ ಮೆಹರುನ್ನೀಸಾ ನಗುತ್ತಿದ್ದರು. ಮೇಜು ಹಿಡಿದು ನಕ್ಕರು, ಮೇಜು ಸಾಲದೆ ಅತ್ತಿಯ ಹೆಗಲು ಹಿಡಿದು ನಕ್ಕರು, ಕನ್ನಡಕ ಬಿದ್ದದ್ದನ್ನು ಯಾರೂ ಎತ್ತಿಕೊಡಲಾರದಷ್ಟು ನಕ್ಕರು. ಏನಾಯಿತೋ ಎಂದು ನರ್ಸ್ ಓಡಿಬಂದು ನೀರಿನ ಲೋಟ ಕೈಗೆ ಕೊಟ್ಟರೆ, ಕುಡಿಯಲು ತುಟಿ ಕೂಡಿಸಲಾಗದೆ ಲೋಟವನ್ನು ಅತ್ತಿಯ ಕೈಗಿಟ್ಟು, ಇನ್ನೂ ಜೋರಾಗಿ ನಕ್ಕರು.